ಶಾರೀರಕ್ಕೆ ಬಿಟ್ಟ ಎಡೆ

ಹೆಸರಿಗೂ ಕೆಲಸಕ್ಕೂ ಹೊಂದಿಕೆಯಿಲ್ಲದ ವಸ್ತುಗಳು ಲೋಕದಲ್ಲಿ ಅನೇಕ ಉಂಟು. ಧ್ವನಿಮುದ್ರಣ ಮಾಡುವವರ ಬಳಿ ಇರುವ ‘ಈಕ್ವಲೈಸರ್’ ಎಂಬುದನ್ನೂ ಆ ಸಾಲಿಗೆ ಸೇರಿಸಬಹುದು. ಸಮ ಮಾಡತಕ್ಕದ್ದು ಎಂದು ಅದರ ಅರ್ಥ. ಅದು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ಟೆಲಿಫೋನಿಗಾಗಿ. ಉದ್ದವಾದ ತಂತಿಯಲ್ಲಿ ಹರಿದು ಹೋಗುವಾಗ ಮಾತಿನೊಳಗಣ ತಾರದ ಕಂಪನಗಳು ಮಂದ್ರದವುಗಳಿಗಿಂತ ಹೆಚ್ಚಾಗಿ ಸವೆದುಹೋಗುತ್ತಿದ್ದುವು. ಆ ತುದಿಯಲ್ಲಿ ಕೇಳುವವನಿಗೆ ಕಂಬಳಿ ಹೊದ್ದು ಆಡಿದ ಮಾತಿನಂತೆ ಅದು ಕೇಳುತ್ತಿತ್ತು. ಸವೆದುದನ್ನು ತುಂಬಿ, ಈ ತುದಿಯಲ್ಲಿ ಆಡಿದ್ದನ್ನು ಆ ತುದಿಯಲ್ಲಿ ಸಮವಾಗಿ ಒಪ್ಪಿಸುವುದು ಈ ಉಪಕರಣದ ಕೆಲಸವಾಗಿತ್ತು. ಆದುದರಿಂದ ಆ ಹೆಸರು ಆ ಕಾಲಕ್ಕೆ ಒಪ್ಪುತ್ತಿತ್ತು. ಬಳಿಕ ಅದು ಚಲಚ್ಚಿತ್ರದವರ ಕೈಗೂ ರೇಡಿಯೋದವರ ಕೈಗೂ ಸಂಗೀತವನ್ನು ಮುದ್ರಿಸುವವರ ಕೈಗೂ ಬಂದು ನಾನಾ ರೂಪಗಳನ್ನು ತಾಳಿತು. ಯಾವ ಕಂಪನದ ಬಳಿಯಲ್ಲಿ, ಎಷ್ಟು ಅಗಲವಾಗಿ, ಎಷ್ಟು ಏರಿಸಬೇಕು ಅಥವಾ ಇಳಿಸಬೇಕು ಎಂಬ ಮೂರನ್ನೂ ಬೇರೆ ಬೇರೆಯಾಗಿ ತಿದ್ದಬಲ್ಲ ಈಗಿನ ರೂಪವನ್ನು ಅಮೆರಿಕದ ಜಾರ್ಜ್ ಮ್ಯಾಸೆನ್‌ಬರ್ಗ್ ಎಂಬವರು ೧೯೭೨ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಇಂದು ಅದು ಪೆಟ್ಟಿಗೆಯೂ ಅಲ್ಲ. ಗಣಕಯಂತ್ರದ ತೆರೆಯ ಮೇಲೆ ಒಂದು ನೇರವಾದ ಗೆರೆ, ಬೆರಳಿನಿಂದ ಎಳೆದರೆ ಅಲ್ಲಿ ಉಬ್ಬುತ್ತದೆ, ಇಲ್ಲಿ ತಗ್ಗುತ್ತದೆ. ಕೆಲಸವೂ ತಲೆಕೆಳಗಾಗಿದೆ. ಒಂದು ಧ್ವನಿ ಇನ್ನೊಂದರಲ್ಲಿ ಕಲಸಿಹೋಗದಂತೆ, ಪಿಟೀಲು ಪಿಟೀಲಾಗಿಯೂ ಮೃದಂಗ ಮೃದಂಗವಾಗಿಯೂ ಉಳಿಯುವಂತೆ ಮಾಡುವುದಕ್ಕೆ ಅದನ್ನು ಬಳಸುತ್ತೇವೆ. ಸಮ ಮಾಡತಕ್ಕದ್ದೆಂಬ ಹೆಸರನ್ನು ಹೊತ್ತು ಅದು ಭೇದವನ್ನು ಕಾಯುತ್ತಿದೆ.

ಇದು ನನಗೆ ಶಾಸ್ತ್ರವಾಗಿ ಬಂದುದಲ್ಲ. ಪ್ರೌಢಶಾಲೆಯಲ್ಲಿ ಭೌತವಿಜ್ಞಾನದ ಪಾಠ ಹೇಳಿ ನಿವೃತ್ತನಾದವನು ನಾನು. ಹೊತ್ತು ಹೋಗಬೇಕೆಂದು ಹಳೆಯ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುವ ಹವ್ಯಾಸವನ್ನು ಹಚ್ಚಿಕೊಂಡೆ. ಅದರಿಂದ ಊರಿನಲ್ಲಿ ನನಗೆ ಈ ವಿಷಯ ತಿಳಿದಿದೆಯೆಂಬ ಕೀರ್ತಿಯೂ ಬಂತು. ಕೀರ್ತಿ ಬಂದ ಮೇಲೆ ಕೆಲಸ ಬಾರದಿರುತ್ತದೆಯೆ?

ನಮ್ಮ ಬೀದಿಯಲ್ಲಿ ಒಬ್ಬ ವೃದ್ಧ ವಿದ್ವಾಂಸರಿದ್ದರು. ಊರಿನ ಅರ್ಧ ಮಕ್ಕಳಿಗೆ ಸರಳೆ ವರಿಸೆ ಹೇಳಿಕೊಟ್ಟವರು. ದೊಡ್ಡ ಸಭೆಗಳಲ್ಲಿ ಹೆಸರು ಗಳಿಸಲಿಲ್ಲ, ಗಳಿಸಬೇಕೆಂದು ಹೊರಡಲೂ ಇಲ್ಲ. ಅವರ ಮಧ್ಯವಯಸ್ಸಿನ ಕ್ಯಾಸೆಟ್ಟುಗಳೆಲ್ಲ ಮಳೆಗಾಲದ ತೇವಕ್ಕೆ ಬೂಸರು ಹಿಡಿದು ಹಾಳಾಗಿದ್ದುವು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಒಂದು ದೊಡ್ಡ ಕಾಯಿಲೆಯಿಂದ ಎದ್ದ ಮೇಲೆ, ರಾಮೋತ್ಸವದ ಪೆಂಡಾಲಿನಲ್ಲಿ ಎರಡು ಗಂಟೆಯ ಕಾಲ ಹಾಡಿದರು. ಕಾರ್ತಿಕ ಮಾಸದಲ್ಲಿ ತೀರಿಕೊಂಡರು. ಹೀಗಾಗಿ ಅವರ ಹಾಡಿಕೆಯಲ್ಲಿ ಕೇಳಲು ಉಳಿದುದು ಆ ಒಂದು ಸಂಜೆ ಮಾತ್ರ. ಮೈಕು ಬಾಡಿಗೆಗೆ ಕೊಟ್ಟಿದ್ದ ಹುಡುಗ ಬುದ್ಧಿವಂತನಾದುದರಿಂದ ಶಾರೀರ, ಪಿಟೀಲು, ಮೃದಂಗದ ಎರಡು ಕಡೆ, ಘಟ, ತಂಬೂರಿ ಹೀಗೆ ಆರು ಎಳೆಗಳನ್ನು ಬಿಡಿಬಿಡಿಯಾಗಿ ಉಳಿಸಿಟ್ಟಿದ್ದ. ಅವು ನನ್ನ ಪಾಲಿಗೆ ಬಂದುವು. ದೂರದ ಊರಿನಲ್ಲಿರುವ ಅವರ ಮಗಳು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಮಾಮ, ಅಪ್ಪ ಹಾಡಿದ್ದು ಕೇಳಿಸಿದರೆ ಸಾಕು.”

ಆರನ್ನೂ ಒಟ್ಟಿಗೆ ಹರಿಯಬಿಟ್ಟು ಕೇಳಿದಾಗ ಆ ಮಾತಿನ ಅರ್ಥ ತಿಳಿಯಿತು. ಪಿಟೀಲು ಕೇಳುತ್ತಿತ್ತು, ಮೃದಂಗ ಕೇಳುತ್ತಿತ್ತು, ಘಟ ಕೇಳುತ್ತಿತ್ತು. ಹಾಡುವವರು ಮಾತ್ರ ಗೋಡೆಯ ಆಚೆ ಕುಳಿತಂತಿದ್ದರು. ಅಳತೆಯ ಮುಳ್ಳನ್ನು ನೋಡಿದರೆ ಶಾರೀರದ ಮಟ್ಟವೇನೂ ಕಡಮೆ ಇರಲಿಲ್ಲ. ಯಾರಿಗಾದರೂ ಮೊದಲು ತೋಚುವುದು ಅದನ್ನೇ ಇನ್ನಷ್ಟು ಏರಿಸೋಣ ಎಂದು. ಏರಿಸಿದರೆ ಜೋರಾಗುತ್ತದೆ, ಸ್ಫುಟವಾಗುವುದಿಲ್ಲ. ಮದುವೆಯ ಮನೆಯಲ್ಲಿ ಓಲಗದ ಪಕ್ಕದಲ್ಲಿ ಕುಳಿತು ಮಾತನಾಡುವವರನ್ನು ನೋಡಿರಿ. ಒಬ್ಬರು ಗಂಟಲೇರಿಸಿದರೆ ಎದುರಿನವರೂ ಏರಿಸುತ್ತಾರೆ, ಓಲಗದವರೂ ಬಿಡುವುದಿಲ್ಲ. ಕೊನೆಗೆ ಯಾರು ಏನು ಹೇಳಿದರೆಂಬುದು ಊಟವಾದ ಮೇಲೆ ತಿಳಿಯಬೇಕು.

ಒಂದು ಧ್ವನಿ ಇನ್ನೊಂದನ್ನು ಮುಚ್ಚಿಬಿಡುವ ಈ ಗುಣವನ್ನು ವಿಜ್ಞಾನಿಗಳು ಬಹುಕಾಲದಿಂದ ಬಲ್ಲರು. ೧೮೭೬ರಲ್ಲಿ ಅಮೆರಿಕದ ಆಲ್ಫ್ರೆಡ್ ಮೇಯರ್ ಎಂಬವರು ಒಂದು ವಿಚಿತ್ರವನ್ನು ಗಮನಿಸಿದರು: ಮಂದ್ರದ ಧ್ವನಿ ತಾರದ ಧ್ವನಿಯನ್ನು ಅಳಿಸಬಲ್ಲದು, ತಾರದ ಧ್ವನಿ ಮಂದ್ರವನ್ನು ಹಾಗೆ ಅಳಿಸಲಾರದು. ೧೯೨೪ರಲ್ಲಿ ವೆಗೆಲ್ ಮತ್ತು ಲೇನ್ ಎಂಬಿಬ್ಬರು ಇದನ್ನು ಅಳತೆಗೆ ತಂದರು. ಕಾರಣ ನಮ್ಮ ಕಿವಿಯ ರಚನೆಯಲ್ಲಿಯೇ ಇದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ನಾಳವಿದೆ. ಅದರೊಳಗಿನ ತೆಳುಪೊರೆಯ ಮೇಲೆ ಧ್ವನಿಯು ಅಲೆಯಾಗಿ ಚಲಿಸುತ್ತದೆ. ತಾರದ ಕಂಪನಗಳು ಬಾಗಿಲ ಬಳಿಯಲ್ಲಿಯೇ ತಮ್ಮ ಉಬ್ಬರವನ್ನು ಮುಟ್ಟಿ ಅಡಗುತ್ತವೆ. ಮಂದ್ರದವು ಒಳತುದಿಯವರೆಗೆ ಹೋಗುತ್ತವೆ. ಇದನ್ನು ಕಂಡು ತೋರಿಸಿದ ಬೇಕೇಶಿ ಎಂಬ ಹಂಗೇರಿಯ ವಿದ್ವಾಂಸರಿಗೆ ೧೯೬೧ರಲ್ಲಿ ನೊಬೆಲ್ ಬಹುಮಾನ ಬಂತು. ಓಣಿಯ ಕೊನೆಯ ಮನೆಗೆ ಹೋಗುವ ದಿಬ್ಬಣ ಮೊದಲ ಮನೆಯ ಜಗಲಿಯನ್ನು ದಾಟಿಯೇ ಹೋಗಬೇಕಲ್ಲವೆ? ಮೊದಲ ಮನೆಯವರ ನಿದ್ದೆ ಕೆಡುತ್ತದೆ. ಮೊದಲ ಮನೆಗೆ ಬಂದ ನೆಂಟರಿಂದ ಕೊನೆಯ ಮನೆಯವರಿಗೆ ಏನೂ ಬಾಧೆಯಿಲ್ಲ. ಇನ್ನು ಎರಡು ಧ್ವನಿಗಳು ಒಂದೇ ಮನೆಗೆ ಬಂದಿಳಿದರಂತೂ ಬಲವಾದುದೊಂದೇ ಕೇಳುತ್ತದೆ.

ನಮ್ಮ ಸಂಗೀತದಲ್ಲಿ ಆಗುವುದು ಈ ಕೊನೆಯ ಸಂಗತಿಯೇ. ಪಾಶ್ಚಾತ್ಯರ ವಾದ್ಯವೃಂದದಲ್ಲಿ ರಚನೆ ಮಾಡುವವನೇ ಒಂದೊಂದು ವಾದ್ಯಕ್ಕೆ ಒಂದೊಂದು ಪಾತ್ರವನ್ನೂ ಒಂದೊಂದು ಸ್ಥಾಯಿಯನ್ನೂ ಹಂಚಿರುತ್ತಾನೆ. ಆದರೂ ಅಲ್ಲಿ ಗಾಯಕನ ಕಷ್ಟ ತಪ್ಪಿದ್ದಲ್ಲ. ಅರುವತ್ತು ಎಪ್ಪತ್ತು ವಾದ್ಯಗಳ ಎದುರಿಗೆ ಅವನೊಬ್ಬ, ಮೈಕೂ ಇಲ್ಲ. ಅವನು ಕೇಳಿಸುವುದು ಹೇಗೆ ಎಂಬುದನ್ನು ಸ್ವೀಡನ್ ದೇಶದ ಯೋಹಾನ್ ಸುಂಡ್‌ಬೆರ್ಗ್ ಎಂಬವರು ೧೯೭೦ರ ದಶಕದಲ್ಲಿ ವಿವರಿಸಿದರು. ವಾದ್ಯವೃಂದದ ಬಲವೆಲ್ಲ ಸೆಕೆಂಡಿಗೆ ೫೦೦ ಕಂಪನಗಳ ಆಸುಪಾಸಿನಲ್ಲಿದ್ದು ಮೇಲೆ ಹೋದಂತೆ ಕುಗ್ಗುತ್ತದೆ. ಒಪೆರಾದಲ್ಲಿ ಪಳಗಿದ ಪುರುಷ ಗಾಯಕನ ಕಂಠದಲ್ಲಿ ೩೦೦೦ದ ಹತ್ತಿರ ಒಂದು ಉಬ್ಬು ಏಳುತ್ತದೆ. ಬೇರೆಯವರು ಖಾಲಿ ಬಿಟ್ಟ ಜಾಗದಲ್ಲಿ ಅವನು ನಿಲ್ಲುತ್ತಾನೆ. ಅವನ ಗಂಟಲೇ ಅವನ ಈಕ್ವಲೈಸರು.

ನಮ್ಮಲ್ಲಿ ಪಿಟೀಲಿನ ಧರ್ಮವೇ ಬೇರೆ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಬಾಲುಸ್ವಾಮಿ ದೀಕ್ಷಿತರು ಮೊದಲಾದವರು ಅದನ್ನು ನಮ್ಮ ಕಚೇರಿಗೆ ಒಗ್ಗಿಸಿಕೊಂಡರು. ಹಾಡುವವರ ಷಡ್ಜ ಪಂಚಮಗಳಿಗೇ ತಂತಿಗಳನ್ನು ಇಳಿಸಿ ಶ್ರುತಿ ಮಾಡಿ, ಅವರು ಇಟ್ಟ ಹೆಜ್ಜೆಯಲ್ಲಿಯೇ ಹೆಜ್ಜೆಯಿಡುವುದು ಪಕ್ಕವಾದ್ಯದ ಪಿಟೀಲಿನ ಕೆಲಸ. ನೆರಳಿನಂತೆ ನುಡಿಸಿದನೆಂದರೆ ನಾವು ತಲೆದೂಗುತ್ತೇವೆ. ಆದರೆ ನೆರಳು ಆಳಿಗಿಂತ ದಟ್ಟವಾದರೆ ಏನು ಗತಿ? ಸ್ವರವೂ ಒಂದೇ, ಗಮಕವೂ ಒಂದೇ, ಕಾಲವೂ ಹೆಚ್ಚು ಕಡಮೆ ಒಂದೇ. ಭೇದವೆಂಬುದು ಉಳಿಯುವುದು ನಾದದ ಬಣ್ಣದಲ್ಲಿ ಮಾತ್ರ. ಅಂದರೆ ಮೂಲಸ್ವರದ ಮೇಲೆ ಏಳುವ ಉಪಸ್ವರಗಳಲ್ಲಿ ಯಾವುದಕ್ಕೆ ಎಷ್ಟು ಬಲವೆಂಬುದರಲ್ಲಿ. ಮಾತೆಂಬುದು ಪಿಟೀಲಿಗಿಲ್ಲ, ಗಾಯಕನಿಗಿದೆ. ಸಾಹಿತ್ಯದ ಅಕ್ಷರಗಳು ಸ್ಫುಟವಾಗುವುದು ೨೦೦೦ದಿಂದ ೫೦೦೦ ಕಂಪನಗಳವರೆಗಿನ ಹರಹಿನಲ್ಲಿ. ಕಿವಿ ಅತ್ಯಂತ ಚುರುಕಾಗಿರುವುದೂ ಅಲ್ಲಿಯೇ. ಕುದುರೆಯ ಕೆಳಗೆ ಅಂಟಿಸಿದ ಪುಟ್ಟ ಮೈಕಿನಿಂದ ಬರುವ ಪಿಟೀಲಿನ ಮೊನಚು ಚುಚ್ಚುವುದೂ ಅಲ್ಲಿಯೇ.

ಪಿಟೀಲು ಕೇಳಿಸುವುದಿಲ್ಲವೆಂದು ಗೋಳಾಡಿದ ಕಾಲವೂ ಒಂದಿತ್ತೆಂಬುದು ಈಗ ನಂಬುವುದಕ್ಕೆ ಕಷ್ಟ. ೧೯೨೫ಕ್ಕೆ ಮೊದಲು ಧ್ವನಿಮುದ್ರಣವಾಗುತ್ತಿದ್ದುದು ತುತ್ತೂರಿಯ ಮುಂದೆ. ಜೋರಾದವರು ಹಿಂದೆ, ಮೆತ್ತಗಿನವರು ಮುಂದೆ ಕುಳಿತು ದೂರದಿಂದಲೇ ಸಮತೂಕ ಮಾಡಿಕೊಳ್ಳಬೇಕಾಗಿತ್ತು. ಪಿಟೀಲು ಅಲ್ಲಿ ಸೋಲುತ್ತಿತ್ತಾಗಿ ಸ್ಟ್ರೋ ಎಂಬವರು ಅದರ ಮರದ ಒಡಲನ್ನು ತೆಗೆದು ಲೋಹದ ತುತ್ತೂರಿಯನ್ನೇ ಜೋಡಿಸಿದರು. ೧೮೯೯ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ನಮ್ಮ ಮೈಸೂರಿನ ಟಿ. ಚೌಡಯ್ಯನವರು ೧೯೨೦ರ ದಶಕದ ಕೊನೆಯ ಸುಮಾರಿಗೆ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಕಲ್ಪಿಸಿದುದಕ್ಕೂ ಕಾರಣ ಅದೇ: ಮೈಕಿಲ್ಲದ ಸಭಾಂಗಣದಲ್ಲಿ ಕೊನೆಯ ಸಾಲಿನವನಿಗೂ ಕೇಳಬೇಕು. ಬೆಂಗಳೂರಿನಲ್ಲಿ ಅವರ ಹೆಸರಿನ ಸ್ಮಾರಕಭವನವನ್ನು ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ್ದಾರೆ. ಅವರ ಕಾಲದ ತೊಡಕು ಒಂದು ವಾದ್ಯವನ್ನು ಎತ್ತಿ ಹಿಡಿಯುವುದು. ನಮ್ಮ ಕಾಲದ ತೊಡಕು ಅದನ್ನು ಎಲ್ಲಿ ತಗ್ಗಿಸುವುದು ಎಂಬುದು. ಮೈಕು ಎಲ್ಲರಿಗೂ ಒಂದೊಂದು ಗಂಟಲನ್ನು ಕೊಟ್ಟುಬಿಟ್ಟಿದೆ.

ಕೆಲಸವನ್ನು ಮೃದಂಗದಿಂದ ಮೊದಲುಮಾಡಿದೆ. ಕೆಳಗಿನಿಂದ ಮೇಲಕ್ಕೆ ಮುಚ್ಚುವುದು ಧ್ವನಿಯ ಸ್ವಭಾವವಾದರೆ ಕೆಳಗಿನಿಂದಲೇ ಬಿಡಿಸುತ್ತ ಬರುವುದು ಯುಕ್ತವಷ್ಟೆ. ಮೃದಂಗವನ್ನು ಬರಿಯ ತಾಳದ ವಾದ್ಯವೆಂದು ಎಣಿಸುವವರು ಸಿ. ವಿ. ರಾಮನ್ ಅವರು ಅದರ ಬಗ್ಗೆ ಬರೆದುದನ್ನು ನೋಡಬೇಕು. ೧೯೨೦ರಲ್ಲಿ ಒಮ್ಮೆ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ ೧೯೩೪ರಲ್ಲಿ ಇನ್ನೊಮ್ಮೆ ಅವರು ಆ ವಿಷಯವನ್ನು ಕೈಗೆತ್ತಿಕೊಂಡರು. ಸಾಮಾನ್ಯವಾದ ಚರ್ಮವಾದ್ಯದ ಉಪಸ್ವರಗಳು ಮೂಲಸ್ವರದೊಡನೆ ಹೊಂದುವುದಿಲ್ಲ. ಅದರಿಂದಲೇ ಅದರದು ನಾದವಾಗದೆ ಸದ್ದಾಗುತ್ತದೆ. ಮೃದಂಗದ ಬಲಗಡೆಯ ಮುಚ್ಚಿಗೆಯ ನಡುವೆ ಹಚ್ಚಿದ ಕಪ್ಪು ಕರಣೆಯ ಭಾರದಿಂದ ಆ ಉಪಸ್ವರಗಳು ಹೊಂದಿಕೊಂಡು, ತಂತಿಯ ವಾದ್ಯದಲ್ಲಿರುವಂತೆ ಒಂದು ಶ್ರುತಿ ನಿಲ್ಲುತ್ತದೆ. ಶತಮಾನಗಳ ಹಿಂದೆ ಯಾರೋ ಹೆಸರಿಲ್ಲದ ಕುಶಲಿಯೊಬ್ಬನು ಅಂಟನ್ನೂ ಪುಡಿಯನ್ನೂ ಅರೆದು ಹಚ್ಚಿ ಸಾಧಿಸಿದ್ದು ಇದು. ನನಗಂತೂ ಇದಕ್ಕಿಂತ ದೊಡ್ಡ ಸ್ವರಸಮೀಕರಣ ಬೇರೆ ಕಾಣದು.

ಆ ಬಲಗಡೆಯದು ಶಾರೀರಕ್ಕೆ ಅಷ್ಟು ಹೊರೆಯಾಗಿರಲಿಲ್ಲ. ಹೊರೆಯಾದುದು ರವೆಯನ್ನು ನಾದಿ ಮೆತ್ತಿದ ಎಡಗಡೆ. ವೃದ್ಧರ ಷಡ್ಜ ಸೆಕೆಂಡಿಗೆ ಸುಮಾರು ೧೩೧ ಕಂಪನಗಳದು; ಅದಕ್ಕಿಂತ ಕೆಳಗಿಳಿದು ತೋಡಿಯ ಮಂದ್ರ ಧೈವತವನ್ನು ಮುಟ್ಟಿದರೆ ೧೦೫ರ ಹತ್ತಿರ. ಎಡಗಡೆಯ ಗುಮಕಿ ಉರುಳುವುದು ಆ ನೆರೆಯಲ್ಲಿಯೇ. ಈಗಿನ ಕಚೇರಿಗಳಲ್ಲಿ ಮೃದಂಗದ ಎಡಗಡೆಯನ್ನು ಕೇಳುವವರ ಎದೆ ನಡುಗುವಂತೆ ಏರಿಸುವ ಚಾಳಿಯೊಂದು ಬಂದಿದೆ. ಅದನ್ನು ನಾದವೈಭವವೆಂದು ಹೊಗಳುವವರೂ ಇದ್ದಾರೆ. ನನಗೆ ಅದು ಅನ್ನ ಕಾಣದಂತೆ ಸುರಿದ ಹುಳಿ. ಎಡಗಡೆಯ ಎಳೆಯಲ್ಲಿ ೨೫೦ರಿಂದ ೪೦೦ರವರೆಗಿನ ಡೊಗರನ್ನು ೪ ಡೆಸಿಬೆಲ್ ತೆಗೆದೆ. ೧೦೦ರ ಬಳಿ ೨ ತೆಗೆದೆ. ಅದರ ಕೆಳಗಿನದನ್ನು ಮುಟ್ಟಲಿಲ್ಲ. ಗುಮಕಿಯ ಕಾಲು ನೆಲದ ಮೇಲೆಯೇ ಇರಬೇಕಷ್ಟೆ. ೩ ಡೆಸಿಬೆಲ್ ಇಳಿಸಿದರೆ ಆ ಭಾಗದ ಶಕ್ತಿ ಅರ್ಧವಾಗುತ್ತದೆ. ಕಿವಿಗೆ ಮಾತ್ರ ಅರ್ಧವೆಂದು ತೋರುವುದಿಲ್ಲ, ತುಸು ಹಿಂದಕ್ಕೆ ಸರಿದು ಕುಳಿತಂತೆ ತೋರುತ್ತದೆ. ಶಾರೀರದ ಎಳೆಯಲ್ಲಿ ೮೦ಕ್ಕಿಂತ ಕೆಳಗಿದ್ದುದನ್ನೆಲ್ಲ ಕತ್ತರಿಸಿದೆ. ಅಲ್ಲಿ ಅವರ ಹಾಡಿಕೆ ಇರಲಿಲ್ಲ. ಪೆಂಡಾಲಿನ ತಟ್ಟಿಗೆ ಬಡಿದ ಗಾಳಿ ಇತ್ತು, ಹಲಗೆಯ ಮೇಲೆ ಯಾರೋ ನಡೆದ ದಡದಡ ಇತ್ತು.

ಘಟಕ್ಕೆ ಹೆಚ್ಚು ಮಾತು ಬೇಡ. ಮಣ್ಣಿನ ಮಡಕೆ, ತನ್ನ ಎಡೆ ತಾನೇ ಬಲ್ಲದು. ಅದರ ಉಗುರಿನ ಪೆಟ್ಟು ಅಕ್ಷರಗಳಿಗೆ ತಗಲುತ್ತಿದ್ದ ಕಡೆ ಸ್ವಲ್ಪ ಸವರಿದೆ, ಅಷ್ಟೆ.

ಪಿಟೀಲಿನ ಬಗ್ಗೆ ಎರಡು ವಾರ ಕಳೆದುವು. ೨೮೦೦ರ ಸುಮಾರಿನಲ್ಲಿ ೫ ಡೆಸಿಬೆಲ್ ತಗ್ಗು, ೫೦೦ರ ಬಳಿ ೩ ತಗ್ಗು. ಶಾರೀರದ ಒಡಲಿಗೂ ಅಕ್ಷರಕ್ಕೂ ಈ ಎರಡು ಕಡೆಗಳಲ್ಲಿ ಎಡೆ ಬೇಕಾಗಿತ್ತು. ಕಮಾನಿನ ಉಸಿರು ಕೇಳುವ ೬೦೦೦ದ ಮೇಲಿನ ಭಾಗವನ್ನು ಹಾಗೆಯೇ ಬಿಟ್ಟೆ; ಅಲ್ಲಿ ವೃದ್ಧರ ಕಂಠದಲ್ಲಿ ಏನೂ ಉಳಿದಿರಲಿಲ್ಲ. ಒಪೆರಾದವನ ಆ ಉಬ್ಬನ್ನು ಇವರ ಎಳೆಯಲ್ಲಿ ಹುಡುಕಿದೆ, ಕಾಣಲಿಲ್ಲ. ಎಪ್ಪತ್ತೆಂಟು ವರ್ಷ ಮೇಲಣದನ್ನೂ ಕೆಳಗಣದನ್ನೂ ತಿಂದು ನಡುವಿನ ಒಂದು ತುಂಡನ್ನು ಮಾತ್ರ ಉಳಿಸಿತ್ತು. ಇದ್ದ ತುಂಡಿಗೆ ಜಾಗ ಕೊಡಬಹುದು; ಇಲ್ಲದುದನ್ನು ಗೆರೆ ಎಳೆದು ತರಲಾಗದು. ಇನ್ನೊಂದು ತೊಡಕೂ ಇತ್ತು: ಹಾಡುವವರ ಮೈಕಿನೊಳಕ್ಕೆ ಪಕ್ಕದ ಪಿಟೀಲೂ ಸೋರಿ ಬಂದಿತ್ತು. ಪಿಟೀಲಿನ ಎಳೆಯಲ್ಲಿ ಎಷ್ಟು ತೆಗೆದರೂ ಶಾರೀರದ ಎಳೆಯ ಬಾಲ ಹಿಡಿದು ಅದು ಒಳಗೆ ಬರುತ್ತಿತ್ತು. ಅದನ್ನು ಅಲ್ಲಿಗೆ ಬಿಟ್ಟೆ. ಒಂದೇ ಚಾಪೆಯ ಮೇಲೆ ಕುಳಿತವರು ಒಬ್ಬರಿಗೊಬ್ಬರು ತಗಲದೆ ಇರುವುದುಂಟೆ?

ಆ ದಿನ ಪಿಟೀಲು ನುಡಿಸಿದ್ದವನು ಆ ವೃದ್ಧರ ಶಿಷ್ಯ. ಶಾಲೆಯಲ್ಲಿ ನನ್ನ ವಿದ್ಯಾರ್ಥಿಯೂ ಆಗಿದ್ದವನು. ಒಂದು ಸಂಜೆ ಬಂದು, ತನ್ನ ಎಳೆಯನ್ನು ಮಾತ್ರ ಕೇಳಬೇಕೆಂದ. ಕೇಳಿಸಿದೆ. ಅವನ ಮುಖ ಸಣ್ಣದಾಯಿತು.

“ಮೇಷ್ಟ್ರೆ, ಇದು ನನ್ನ ವಾದ್ಯವೆ? ಡಬ್ಬಿಯೊಳಗೆ ಇಟ್ಟು ನುಡಿಸಿದ ಹಾಗಿದೆಯಲ್ಲ.”

ಅವನು ಹೇಳಿದ್ದು ನಿಜ. ಹತ್ತು ವರ್ಷ ಸಾಲ ತೀರಿಸಿ ಕೊಂಡ ಪಿಟೀಲು ಅದು. ಅದರ ಒಡಲಿನ ದುಂಡುತನವನ್ನು ನಾನು ಗೆರೆ ಎಳೆದು ತೆಗೆದುಹಾಕಿದ್ದೆ. ಒಂಟಿಯಾಗಿ ಕೇಳಿದರೆ ಬಡಪಾಯಿಯಂತೆ ಕೇಳುವುದು ಈ ಕೆಲಸದಲ್ಲಿ ಸಹಜ. ಎಲ್ಲರೊಡನೆ ಕೂಡಿ ಕೇಳಿದಾಗ ಕಿವಿಯು ಆ ಕೊರತೆಯನ್ನು ಗಮನಿಸುವುದಿಲ್ಲ ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಆದರೆ ಕೊಡುವವನು ಅವನು, ಹೇಳುವವನು ನಾನು. ಪುಸ್ತಕದ ಮಾತಿನಿಂದ ಅವನಿಗೆ ಸಮಾಧಾನ ಹೇಳುವುದು ನನಗೆ ಸರಿತೋರಲಿಲ್ಲ. “ಸ್ವಲ್ಪ ಇರಪ್ಪ” ಎಂದು ಆರೂ ಎಳೆಗಳನ್ನು ಸೇರಿಸಿ ತೋಡಿಯ ನೆರವಲನ್ನು ಹಾಕಿದೆ.

ಮೂರು ನಿಮಿಷ ಕೇಳಿದ. ನೆರವಲಿನ ನಡುವೆ ಗುರುಗಳು ಇಳಿಯುತ್ತ ಇಳಿಯುತ್ತ ಮಂದ್ರ ಧೈವತದ ಮೇಲೆ ನಿಂತು, ಸಾಹಿತ್ಯದ ಒಂದೇ ಮಾತನ್ನು ಎರಡು ಸಲ ಬಿಡಿಸಿ ಹೇಳುವ ಕಡೆ ಬಂತು. ನಿಲ್ಲಿಸು ಎಂದು ಕೈಸನ್ನೆ ಮಾಡಿದ. “ಇನ್ನೊಂದು ಸಲ ಹಾಕಿ” ಎಂದ. ಹಾಕಿದೆ.

“ಅವರು ಇಲ್ಲಿಗೆ ಇಳಿದದ್ದು ನನಗೆ ಆವತ್ತು ಕೇಳಿಸಲೇ ಇಲ್ಲ, ಮೇಷ್ಟ್ರೆ. ತುಟಿ ನೋಡಿಕೊಂಡು ನುಡಿಸಿದೆ. ಮಧ್ಯಸ್ಥಾಯಿಯಲ್ಲಿದ್ದಾರೆ ಎಂದುಕೊಂಡೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳಿಸಿದ್ದರೆ ಬೇರೆ ಉತ್ತರ ಕೊಡುತ್ತಿದ್ದೆ” ಎಂದ.

ವೇದಿಕೆಯ ಮೇಲೆ ಅವನ ಮೊಳಕಾಲಿನ ಮುಂದೆಯೇ ಒಂದು ಸ್ಪೀಕರು ಇತ್ತು. ಅದರಲ್ಲಿ ಅವನ ಪಿಟೀಲೇ ಅವನಿಗೆ ಕೇಳುತ್ತಿತ್ತು. ಗುರು ಇದ್ದುದು ಒಂದು ಮಾರು ದೂರದಲ್ಲಿ.

ಆ ಮೇಲೆ ಅವನೇ ನನಗಿಂತ ಕಠಿಣನಾದ. “ಇಲ್ಲಿ ಇನ್ನೂ ಒಂದು ತೆಗೆಯಿರಿ, ಅಲ್ಲಿ ಮಾತ್ರ ಬೇಡ, ಅದು ನನ್ನ ಸರದಿ” ಎನ್ನುತ್ತ ಕುಳಿತ. ಎರಡು ಕಡೆ ನಾನು ತೆಗೆಯಲು ಒಪ್ಪಲಿಲ್ಲ. ಭಕ್ತಿಯ ಹೆಸರಿನಲ್ಲಿ ಪಕ್ಕವಾದ್ಯವೇ ಇಲ್ಲದಂತೆ ಮಾಡಿದರೆ ಅದು ಕಚೇರಿಯಲ್ಲ, ಪಾಠದ ಕೋಣೆ. ಅವನ ನೆರಳು ಗುರುವಿಗೂ ಬೇಕಾಗಿತ್ತು. ಉಸಿರು ಸಾಲದೆ ಅವರು ಬಿಟ್ಟ ಎಷ್ಟೋ ಸ್ವರಗಳ ಕೊನೆಯನ್ನು ಕಮಾನು ಹಿಡಿದು ಮುಟ್ಟಿಸಿದೆ. ಎಳೆಗಳನ್ನು ಬಿಡಿಸಿ ನೋಡಿದವನಿಗೆ ಮಾತ್ರ ಅದು ತಿಳಿಯುತ್ತದೆ. ಇದಲ್ಲದೆ ಪಿಟೀಲನ್ನು ತುಸು ಎಡಕ್ಕೂ ಘಟವನ್ನು ತುಸು ಬಲಕ್ಕೂ ಸರಿಸಿದೆ. ಎರಡು ಕಿವಿಯಿಂದ ಕೇಳುವವರಿಗೆ ಅದರಿಂದ ಬಹಳ ಉಪಕಾರವಾಗುತ್ತದೆ. ಕೆಲವು ಕಡೆ ಇಳಿಸಿದ್ದನ್ನು ಅದರಿಂದ ಮತ್ತೆ ಏರಿಸಿ ಕೊಡುವುದೂ ಸಾಧ್ಯವಾಯಿತು.

ತಂಬೂರಿಯ ವಿಷಯ ಒಂದು ಉಳಿಯಿತು. ನಿಜವಾದ ತಂಬೂರಿಯಾಗಿರಲಿಲ್ಲ ಅದು, ವಿದ್ಯುತ್ತಿನ ಶ್ರುತಿಪೆಟ್ಟಿಗೆ. ತಂಬೂರಿಯ ಕುದುರೆಯ ವಿಶಾಲವಾದ ಬೆನ್ನನ್ನೂ ಅದರ ಮೇಲೆ ತಂತಿಗೆ ಕೊಡುವ ನೂಲನ್ನೂ ಕುರಿತು ರಾಮನ್ ಅವರು ೧೯೨೧ರಲ್ಲಿ ಬರೆದಿದ್ದಾರೆ: ತಂತಿಯನ್ನು ಮೀಟಿದ ಜಾಗದಿಂದಾಗಿ ಯಾವ ಉಪಸ್ವರ ಹುಟ್ಟಬಾರದೆಂದು ಹಳೆಯ ನಿಯಮ ಹೇಳುತ್ತದೆಯೋ ಆ ಉಪಸ್ವರವೂ ಅಲ್ಲಿ ಹುಟ್ಟುತ್ತದೆಂದು. ತಂಬೂರಿಯ ಝೇಂಕಾರ ಕೆಳಗಿನಿಂದ ಮೇಲಿನವರೆಗೆ ಎಲ್ಲೆಡೆಯೂ ಹರಡಿರುವುದು ಆದುದರಿಂದಲೇ. ಎಲ್ಲರ ಬೆನ್ನ ಹಿಂದೆಯೂ ನಿಲ್ಲುವುದು ಅದರ ಗುಣ. ಯಾರ ಎದುರಿಗೂ ನಿಲ್ಲಬಾರದು. ಪೆಟ್ಟಿಗೆಯದು ಎದುರಿಗೆ ನಿಂತಿತ್ತು. ಅದರ ನಡುವನ್ನು ಅಗಲವಾಗಿ, ಬಟ್ಟಲಿನಂತೆ ತಗ್ಗಿಸಿದಾಗ, ಕೋಣೆಯ ಕಿಟಕಿ ತೆರೆದಂತಾಯಿತು. ಇಡೀ ಕೆಲಸದಲ್ಲಿ ಇಷ್ಟು ಸುಲಭವಾಗಿ ಇಷ್ಟು ಫಲ ಕೊಟ್ಟುದು ಬೇರೊಂದಿಲ್ಲ. ಇಷ್ಟನ್ನು ಮೊದಲೇ ಮಾಡಬಾರದಾಗಿತ್ತೆ ಎಂದು ಓದುವವರು ಕೇಳಬಹುದು. ಮೃದಂಗವೂ ಪಿಟೀಲೂ ಸರಿದು ಕುಳಿತ ಮೇಲೆಯೇ ಅದು ಎದ್ದು ಕಂಡುದು.

ನನ್ನ ಕೋಣೆಯ ದೊಡ್ಡ ಸ್ಪೀಕರುಗಳಲ್ಲಿ ಚೆನ್ನಾಗಿ ಕೇಳಿಸಿದರೆ ಸಾಲದು. ಮಗಳು ಕೇಳುವುದು ಅಂಗೈಯಗಲದ ಫೋನಿನಲ್ಲಿ. ಆ ಪುಟ್ಟ ಸ್ಪೀಕರಿನಲ್ಲಿ ೨೦೦ಕ್ಕಿಂತ ಕೆಳಗಿನ ಕಂಪನಗಳು ಇಲ್ಲವೆನ್ನುವಷ್ಟು ಕ್ಷೀಣ. ಅಂದ ಮೇಲೆ ೧೦೫ರಲ್ಲಿರುವ ಆ ಮಂದ್ರ ಧೈವತ ಅವಳಿಗೆ ಕೇಳಿಸುವುದು ಹೇಗೆ? ಇಲ್ಲಿ ಕಿವಿಯೇ ನಮ್ಮ ಪಕ್ಷವಹಿಸುತ್ತದೆ. ಮೂಲಸ್ವರ ಬಾರದಿದ್ದರೂ ಅದರ ಇಮ್ಮಡಿ ಮುಮ್ಮಡಿ ಉಪಸ್ವರಗಳು ಬಂದರೆ ಸಾಕು, ಕಿವಿಯು ಅವುಗಳಿಂದ ಮೂಲಸ್ವರವನ್ನು ತಾನೇ ಊಹಿಸಿಕೊಂಡು ಕೇಳುತ್ತದೆ. ಆ ಉಪಸ್ವರಗಳಿಗೇ ನಾವು ಜಾಗ ಬಿಡಿಸಿದ್ದೆವು. ಮೃದಂಗದ ಎಡಗಡೆ ಮಾತ್ರ ಫೋನಿನಲ್ಲಿ ಮಾಯವಾಗುತ್ತಿತ್ತು. ಅದಕ್ಕಾಗಿ, ಅಂಗೈ ಚರ್ಮಕ್ಕೆ ತಗಲುವ ಸದ್ದಿರುವ ಮೇಲಣ ಭಾಗವನ್ನು ಒಂದೂವರೆ ಡೆಸಿಬೆಲ್ ಏರಿಸಿದೆ. ಏರಿಸಿದ್ದು ಇದೊಂದೇ ಕಡೆ, ಉಳಿದುದೆಲ್ಲ ಇಳಿಸಿದ್ದು.

ಶಾರೀರಕ್ಕಾಗಿ ತೆಗೆದುದನ್ನು ಶಾರೀರ ಇಲ್ಲದಾಗಲೂ ತೆಗೆದೇ ಇಡುವುದು ನ್ಯಾಯವಲ್ಲ. ತೋಡಿಯ ಆಲಾಪನೆಯಲ್ಲಿ ಪಿಟೀಲಿನ ಸರದಿ ಬಂದಾಗ ಗೆರೆಯ ತಗ್ಗುಗಳನ್ನು ಐದಾರು ಸೆಕೆಂಡಿನ ಅವಧಿಯಲ್ಲಿ, ಕಿವಿಗೆ ಸುಳಿವು ಸಿಕ್ಕದಂತೆ, ನಿಧಾನವಾಗಿ ತುಂಬಿದೆ. ಅವನ ಪಿಟೀಲು ತನ್ನ ಒಡಲನ್ನೆಲ್ಲ ಪಡೆದುಕೊಂಡಿತು. ಗುರುಗಳು ಮತ್ತೆ ಬಾಯಿ ತೆರೆಯುವ ಹೊತ್ತಿಗೆ ಹಾಗೆಯೇ ಹಿಂದೆಗೆದುಕೊಂಡೆ. ತನಿ ಆವರ್ತನದಲ್ಲಿ ಮೃದಂಗಕ್ಕೂ ಘಟಕ್ಕೂ ಹೀಗೆಯೇ. ಹತ್ತು ನಿಮಿಷದ ತನಿಯಲ್ಲಿ ಎಡಗಡೆಯ ಗುಮಕಿ ಪೂರ್ಣವಾಗಿ ಉರುಳುವುದನ್ನು ಕೇಳುವುದೇ ಒಂದು ಸುಖ. ನಡುವೆ ವೃದ್ಧ ಕಂಠವೊಂದು “ಭೇಷ್” ಎಂದುದೂ ಇದೆ.

ಮಂಗಳಕ್ಕೆ ಬಂದಾಗ ನನ್ನ ಕೈಗೆ ಕೆಲಸವಿರಲಿಲ್ಲ. ಎರಡು ಗಂಟೆಯ ಹಾಡಿಕೆಯಿಂದ ಶಾರೀರ ಸೋತು ಹೋಗಿತ್ತು. ಅದನ್ನು ಕಂಡು ಪಕ್ಕವಾದ್ಯದವರು ತಾವಾಗಿಯೇ ಇಳಿದಿದ್ದರು. ಕಮಾನು ತಂತಿಯ ಮೇಲೆ ಇದೆಯೋ ಇಲ್ಲವೋ ಎನ್ನುವಂತಿದೆ, ಮೃದಂಗದವನು ಬೆರಳ ತುದಿಯಿಂದ ಮಾತ್ರ ಮುಟ್ಟುತ್ತಿದ್ದಾನೆ, ಘಟದವನು ಕೈಕಟ್ಟಿ ಕುಳಿತಿದ್ದಾನೆ. ಅಲ್ಲಿ ಗೆರೆಗಳನ್ನೆಲ್ಲ ನೇರವಾಗಿ ಬಿಟ್ಟೆ. ಮಗಳಿಗೆ ಕಳುಹಿಸಿದ ಪ್ರತಿಯಲ್ಲಿ ಆ ಭಾಗ ಅಂದು ಇದ್ದ ಹಾಗೆಯೇ ಇದೆ. ಕೊನೆಯಲ್ಲಿ ಅವರು ಕೆಮ್ಮಿ, ಪಕ್ಕದವರನ್ನು ಕುಡಿಯಲು ನೀರು ಕೇಳಿದ್ದೂ ಸೇರಿ.